ನ್ಯಾಸವೂ ಅಧಿಕಾರವೂ

ಶ್ರಾವಕನು ಪಾಲಿಸಬೇಕಾದ ಐದು ಅಣುವ್ರತಗಳಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಲಾಗಿದೆ. ಅವುಗಳಲ್ಲಿ ಒಂದು ನ್ಯಾಸಾಪಹಾರ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬರುವ ಈ ಮಾತಿಗೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ವಿವರಣೆ ವ್ಯಾಪಾರಸ್ಥನ ಮನಸ್ಸಿಗೆ ಕೂಡಲೇ ನಾಟುವಂಥದು. ಒಬ್ಬನು ತನ್ನ ಹೊನ್ನನ್ನು ಇನ್ನೊಬ್ಬನ ಬಳಿ ಇಟ್ಟಿರುತ್ತಾನೆ. ಎಷ್ಟು ಇಟ್ಟೆನೆಂಬುದನ್ನು ಮರೆತು ಕಡಿಮೆ ಲೆಕ್ಕ ಹೇಳಿ ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎನ್ನುತ್ತಾನೆ. ಅವನು ಬೀಗ ಮುರಿದಿಲ್ಲ, ಕೈಯಿಂದ ಕಸಿದಿಲ್ಲ, ಕೇಳಿದಷ್ಟನ್ನು ಕೊಟ್ಟಿದ್ದಾನೆ. ಆದರೂ ವ್ರತಕ್ಕೆ ಕಳಂಕ ತಟ್ಟಿತು. ಈ ದೋಷವನ್ನು ಅಸ್ತೇಯದ ಕೆಳಗೆ ಇಡದೆ ಸತ್ಯದ ಕೆಳಗೆ ಇಟ್ಟಿರುವುದು ಗಮನಾರ್ಹ. ಪರರ ವಸ್ತುವನ್ನು ಇಟ್ಟುಕೊಂಡವನು ಮೊದಲು ಕೆಡುವುದು ಮಾತಿನಲ್ಲಿ. ಕೈ ಕೆಡುವುದು ಆಮೇಲೆ.

ಹೊನ್ನಿಗೆ ತೂಕವುಂಟು, ಲೆಕ್ಕವುಂಟು. ಅಧಿಕಾರವು ನ್ಯಾಸವಾದಾಗ ಅದನ್ನು ತೂಗುವುದು ಹೇಗೆ? ಅದರ ಒಡೆಯನು ಯಾರು? ಯಾರ ಕೈಗೆ ಅದನ್ನು ಮರಳಿಸಬೇಕು? ಈ ಪ್ರಶ್ನೆಗಳನ್ನು ವಿಚಾರಿಸಲು ಬಾಗಲಕೋಟೆ ಸೀಮೆಯ ಒಬ್ಬ ವಕೀಲರ ಜೀವನ ಒಳ್ಳೆಯ ನಿದರ್ಶನವಾಗಿದೆ.

ಶಿವಲಿಂಗಪ್ಪ ರುದ್ರಪ್ಪ ಕಂಠಿಯವರು ಬಾದಾಮಿ ತಾಲೂಕಿನ ಕೆರೂರಿನಲ್ಲಿ 1908ರಲ್ಲಿ ಜನಿಸಿದರು. ಆಗ ಈ ಭಾಗವು ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಗೆ ಸೇರಿತ್ತು. ಕಾನೂನು ಓದಿ ವಕೀಲಿ ವೃತ್ತಿ ಹಿಡಿದ ಅವರು ರಾಜಕಾರಣಕ್ಕೆ ಬಂದು ಹುನಗುಂದ ಕ್ಷೇತ್ರದಿಂದ ಶಾಸಕರಾದರು. ಮುಂಬಯಿ ವಿಧಾನಸಭೆಯ ಉಪಸಭಾಪತಿಗಳಾಗಿದ್ದರು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದ ಮೇಲೆ ವಿಶಾಲ ಮೈಸೂರು ರಾಜ್ಯದ ವಿಧಾನಸಭೆಗೆ ಸಭಾಪತಿಗಳಾಗಿ 1962ರವರೆಗೆ ಆ ಪೀಠದಲ್ಲಿ ಕುಳಿತರು.

ಈ ಎರಡು ಉದ್ಯೋಗಗಳ ಸ್ವರೂಪವನ್ನು ತುಸು ನೋಡಬೇಕು. ವಕೀಲನು ನ್ಯಾಯಾಲಯದಲ್ಲಿ ಆಡುವ ಮಾತು ಅವನದಲ್ಲ, ಕಕ್ಷಿದಾರನದು. ವಕಾಲತ್‌ನಾಮೆಯಲ್ಲಿ ಸಹಿ ಬಿದ್ದ ದಿನ ಹುಟ್ಟಿದ ಅವನ ಅಧಿಕಾರ ದಾವೆ ಮುಗಿದ ದಿನ ಕೊನೆಗೊಳ್ಳುತ್ತದೆ. ಗೆದ್ದ ಹೊಲ ಕಕ್ಷಿದಾರನ ಮನೆಗೆ ಹೋಗುತ್ತದೆ, ವಕೀಲನಿಗೆ ಶುಲ್ಕವಷ್ಟೇ. ಸಭಾಪತಿಯ ಸ್ಥಾನವೂ ಅಂಥದೇ. ಸಂವಿಧಾನದ 189ನೆಯ ವಿಧಿಯ ಪ್ರಕಾರ ಅವನು ಮೊದಲಿಗೆ ಮತ ಹಾಕುವಂತಿಲ್ಲ. ಎರಡೂ ಕಡೆ ಮತಗಳು ಸಮನಾದಾಗ ಮಾತ್ರ ನಿರ್ಣಾಯಕ ಮತ ಅವನದು. ಇತರರಿಗೆ ಮಾತಿನ ಅವಕಾಶ ಮಾಡಿಕೊಡುವುದೇ ಅವನ ಕೆಲಸ. ಪರರದನ್ನು ಪರರದೆಂದೇ ಇಟ್ಟುಕೊಳ್ಳುವ ಅಭ್ಯಾಸ ಕಂಠಿಯವರಿಗೆ ವೃತ್ತಿಯಿಂದಲೂ ಪದವಿಯಿಂದಲೂ ಒದಗಿ ಬಂದಿತ್ತೆಂದು ಹೇಳಬಹುದು.

1962ರ ಸಾರ್ವತ್ರಿಕ ಚುನಾವಣೆಯಲ್ಲಿ 208 ಸ್ಥಾನಗಳ ಪೈಕಿ 138 ಕಾಂಗ್ರೆಸ್ಸಿಗೆ ಬಂದವು. ಆದರೆ ಆ ಪಕ್ಷದ ಹಿರಿಯ ನಾಯಕರಾದ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಅದುವರೆಗೆ ಮುಖ್ಯಮಂತ್ರಿಗಳಾಗಿದ್ದ ಬಿ. ಡಿ. ಜತ್ತಿಯವರು ಅದೇ ಬಿಜಾಪುರ ಜಿಲ್ಲೆಯ ಜಮಖಂಡಿ ಸೀಮೆಯವರು, ಅವರೂ ವಕೀಲರೇ. ಪಕ್ಷದೊಳಗೆ ಎರಡು ಬಣಗಳಿದ್ದವು. ಇಂಥ ಸಂದರ್ಭದಲ್ಲಿ ನಿಜಲಿಂಗಪ್ಪನವರ ಬಣದವರು ಕಂಠಿಯವರನ್ನು ಮುಂದೆ ಮಾಡಿದರು. ಮಾರ್ಚ್ 14ರಂದು ಅವರು ಮುಖ್ಯಮಂತ್ರಿಗಳಾದರು. ಅನಂತರ ಬಾಗಲಕೋಟೆ ಕ್ಷೇತ್ರ ತೆರವಾಗಿ, ಉಪಚುನಾವಣೆಯಲ್ಲಿ ನಿಜಲಿಂಗಪ್ಪನವರು ಆಯ್ಕೆಯಾದರು. ಜೂನ್ ತಿಂಗಳಲ್ಲಿ ಕಂಠಿಯವರು ಪದವಿ ಬಿಟ್ಟುಕೊಟ್ಟರು. ಅವರ ಅಧಿಕಾರಕ್ಕೆ ನೂರು ದಿನಗಳೂ ತುಂಬಿರಲಿಲ್ಲ. ಮುಖ್ಯಮಂತ್ರಿಯ ಕುರ್ಚಿಯಲ್ಲಿ ಕುಳಿತು ಎದ್ದವರು ಅದೇ ನಿಜಲಿಂಗಪ್ಪನವರ ಸಂಪುಟದಲ್ಲಿ ಶಿಕ್ಷಣ ಮಂತ್ರಿಗಳಾಗಿ ಕೆಲಸ ಮಾಡಿದರು. 1963ರಲ್ಲಿ ಬಿಜಾಪುರದಲ್ಲಿ ಆರಂಭವಾದ ಸೈನಿಕ ಶಾಲೆಯ ಹಿಂದೆ ಅವರ ಪ್ರಯತ್ನವಿತ್ತು. 1969ರಲ್ಲಿ ಅವರು ನಿಧನರಾದರು.

ಇದನ್ನು ತ್ಯಾಗವೆಂದು ಕೊಂಡಾಡುವುದು ಸುಲಭ. ಆದರೆ ಶಬ್ದಗಳನ್ನು ಅಳೆದು ಬಳಸುವುದು ಮೇಲು. ಬಾಹುಬಲಿಯು ಗೆದ್ದು ಬಿಟ್ಟದ್ದು ತನ್ನ ರಾಜ್ಯವನ್ನು; ಅದು ತ್ಯಾಗ. ತನ್ನದಲ್ಲದ್ದನ್ನು ಮರಳಿಸುವುದು ತ್ಯಾಗವಲ್ಲ, ನ್ಯಾಸಪಾಲನೆ. ಇಲಕಲ್ಲಿನ ಮಗ್ಗದ ಮನೆಗಳಲ್ಲಿ ಈ ಭೇದವನ್ನು ಯಾರೂ ವಿವರಿಸಬೇಕಾಗಿಲ್ಲ. ಸಾಹುಕಾರನಿಂದ ನೂಲು ರೇಷ್ಮೆ ತಂದ ನೇಕಾರನು ಸೀರೆ ನೇಯ್ದು ಒಪ್ಪಿಸಿ ಕೂಲಿ ಪಡೆಯುತ್ತಾನೆ. ಸೀರೆ ಒಪ್ಪಿಸಿದ್ದಕ್ಕಾಗಿ ಅವನನ್ನು ತ್ಯಾಗಿಯೆಂದು ಯಾರೂ ಕರೆಯುವುದಿಲ್ಲ. ಒಪ್ಪಿಸದಿದ್ದರೆ ಮಾತ್ರ ಊರೆಲ್ಲ ಆಡಿಕೊಳ್ಳುತ್ತದೆ. ನ್ಯಾಸಪಾಲನೆಯ ಗುಣವೇ ಹೀಗೆ. ಪಾಲಿಸಿದಾಗ ಅದು ಕಾಣುವುದಿಲ್ಲ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಮೊದಲನೆಯದು: ಸ್ವಂತ ಬಣವಿಲ್ಲದವನು ಪದವಿಯನ್ನು ಉಳಿಸಿಕೊಳ್ಳುವುದಾದರೂ ಹೇಗೆ? ಉಳಿಸಿಕೊಳ್ಳಲಾರದ್ದನ್ನು ಬಿಡುವುದರಲ್ಲಿ ಹೆಚ್ಚಳವೇನು? ಅಂತರಂಗದ ಭಾವವನ್ನು ಕೇವಲಿಗಳು ಬಲ್ಲರು. ಲೋಕಕ್ಕೆ ಕಾಣುವುದು ನಡತೆ ಮಾತ್ರ. ಅಧಿಕಾರದಲ್ಲಿರುವವನಿಗೆ ಬೆಂಬಲಿಗರು ಹುಟ್ಟಿಕೊಳ್ಳಲು ಬಹಳ ದಿನ ಬೇಕಾಗುವುದಿಲ್ಲ ಎಂಬುದು ಎಲ್ಲರೂ ಬಲ್ಲ ಸಂಗತಿ. ಬಿಹಾರದಲ್ಲಿ 2014ರಲ್ಲಿ ನಿತೀಶ್ ಕುಮಾರರು ತಮ್ಮ ಸ್ಥಾನದಲ್ಲಿ ಕೂರಿಸಿದ ಜೀತನ್ ರಾಮ್ ಮಾಂಝಿಯವರು ಕೇಳಿದಾಗ ಇಳಿಯಲಿಲ್ಲ. 2015ರ ಫೆಬ್ರವರಿಯಲ್ಲಿ ಬಹುಮತ ಸಾಬೀತುಪಡಿಸಬೇಕಾದ ದಿನ ರಾಜೀನಾಮೆ ಕೊಟ್ಟರು. ಆದುದರಿಂದ ಇಳಿಯುವುದು ತಾನಾಗಿಯೇ ನಡೆಯುವ ಕ್ರಿಯೆಯಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಪ್ರಜಾಪ್ರಭುತ್ವದಲ್ಲಿ ಅಧಿಕಾರವನ್ನು ಇಟ್ಟವರು ಮತದಾರರು, ನಾಯಕರಲ್ಲ. ಹೊಸದುರ್ಗದ ಮತದಾರರು ನಿಜಲಿಂಗಪ್ಪನವರನ್ನು ಬೇಡವೆಂದಿದ್ದರು. ಹಾಗಿರುವಾಗ ಕಂಠಿಯವರು ನ್ಯಾಸವನ್ನು ಒಡೆಯನಲ್ಲದವನಿಗೆ ಒಪ್ಪಿಸಿದಂತಾಗಲಿಲ್ಲವೇ? ಸಿಂಹಾಸನದ ಮೇಲೆ ಪಾದುಕೆಯನ್ನಿಟ್ಟು ಆಳಿದ ಭರತನ ಹೋಲಿಕೆ ಇಲ್ಲಿ ಸಲ್ಲುವುದಿಲ್ಲ, ಏಕೆಂದರೆ ಅಯೋಧ್ಯೆ ರಾಮನಿಗೆ ವಂಶದಿಂದ ಬಂದದ್ದು. ವಿಧಾನಸೌಧದ ಕುರ್ಚಿಗೆ ವಂಶವೂ ಇಲ್ಲ, ಪಾದುಕೆಯೂ ಇಲ್ಲ. ಮಾಂಝಿಯವರ ಪ್ರಕರಣದಲ್ಲಿಯೂ ಈ ಪ್ರಶ್ನೆಯನ್ನು ಪೂರ್ತಿ ತಳ್ಳಿಹಾಕಲಾಗದು: ಪ್ರಮಾಣವಚನ ಸ್ವೀಕರಿಸಿದ ಮೇಲೆ ಮುಖ್ಯಮಂತ್ರಿಯು ಉತ್ತರ ಹೇಳಬೇಕಾದದ್ದು ಸದನಕ್ಕೋ, ಕೂರಿಸಿದವರಿಗೋ?

ಇದಕ್ಕೆ ಸಮಾಧಾನವು 1962ರ ಕ್ರಮದಲ್ಲಿಯೇ ಇದೆ. ಶಾಸಕನಲ್ಲದವನೂ ಆರು ತಿಂಗಳ ಮಟ್ಟಿಗೆ ಮಂತ್ರಿಯಾಗಿರಬಹುದೆಂದು ಸಂವಿಧಾನದ 164ನೆಯ ವಿಧಿ ಹೇಳುತ್ತದೆ. ಕಾನೂನು ತೆರೆದಿಟ್ಟ ಆ ಬಾಗಿಲಿನಿಂದ ಅಂದು ಪ್ರವೇಶಿಸಲಿಲ್ಲ. ಸೋತವರು ಮತ್ತೆ ಮತದಾರರ ಮುಂದೆ ಹೋದರು, ಬಾಗಲಕೋಟೆಯಿಂದ ಆಯ್ಕೆಯಾಗಿ ಬಂದರು, ಆಮೇಲೆ ಪದವಿ ಸ್ವೀಕರಿಸಿದರು. ಒಡೆಯನ ಸಮ್ಮತಿ ಒಂದು ಮಟ್ಟಿಗಾದರೂ ದೊರೆತ ಬಳಿಕವೇ ನ್ಯಾಸವು ಕೈಯಿಂದ ಕೈಗೆ ಹೋಯಿತು. ಒಂದು ಊರಿನವರು ಕೊಟ್ಟ ತೀರ್ಪನ್ನು ಮತ್ತೊಂದು ಊರಿನವರು ಬದಲಿಸಬಹುದೇ ಎಂಬ ಸಂದೇಹ ಉಳಿಯುತ್ತದೆ, ಅದು ಉಳಿಯಬೇಕಾದದ್ದೇ. ಆದರೆ ಆ ಸಂದೇಹದ ಹೊಣೆ ಪದವಿಯನ್ನು ಬಯಸಿದವರ ಮೇಲೂ ಆರಿಸಿದ ಪಕ್ಷದ ಮೇಲೂ ಇದೆ. ಅಲ್ಪಕಾಲಕ್ಕೆಂದು ತಿಳಿದೇ ಪದವಿ ಹಿಡಿದವನು ಆ ಸಂದೇಹವನ್ನು ತನ್ನ ಲಾಭಕ್ಕೆ ಬಳಸಿಕೊಳ್ಳುವುದು ಮತದಾರನಿಗೆ ಸಲ್ಲಿಸುವ ಸೇವೆಯಲ್ಲ. ಪೂಜ್ಯಪಾದರು ಹೇಳಿದ ‘ಹೌದು, ಅಷ್ಟೇ’ ಎಂಬ ಮಾತು ಅಲ್ಲಿ ಬೇರೆ ರೂಪದಲ್ಲಿ ಬಂದಂತೆ. ಇಟ್ಟವರ ಲೆಕ್ಕದಲ್ಲಿ ಗೊಂದಲವಿದೆ, ಆದ್ದರಿಂದ ನನ್ನಲ್ಲೇ ಇರಲಿ ಎಂಬುದು ಅದರ ಅರ್ಥ.

ಹುನಗುಂದ ತಾಲೂಕಿನ ಐಹೊಳೆಯ ಮೇಗುಟಿ ಜಿನಾಲಯದ ಗೋಡೆಯಲ್ಲಿ 634ರ ಶಾಸನವಿದೆ. ಆ ಬಸದಿಯನ್ನು ಕಟ್ಟಿಸಿದ ರವಿಕೀರ್ತಿಯು ಅಲ್ಲಿ ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನು ವರ್ಣಿಸಿದ್ದಾನೆ. ಗೆದ್ದದ್ದಕ್ಕೆ ಶಾಸನ ಹುಟ್ಟುತ್ತದೆ, ದಾನಕ್ಕೂ ಹುಟ್ಟುತ್ತದೆ. ಇಟ್ಟದ್ದನ್ನು ಇಟ್ಟಂತೆ ಒಪ್ಪಿಸಿದ್ದಕ್ಕೆ ಶಾಸನ ಬರೆಸುವ ವಾಡಿಕೆಯಿಲ್ಲ.

ಈ ವಿಚಾರವು ರಾಜಕಾರಣಿಗಳಿಗಷ್ಟೇ ಸಂಬಂಧಿಸಿದ್ದಲ್ಲ. ಬಸದಿಯ ಆಡಳಿತ ಮಂಡಲಿ, ಪಾಠಶಾಲೆಯ ನಿಧಿ, ಧರ್ಮಛತ್ರದ ಕೀಲಿಕೈ ಇವೆಲ್ಲವೂ ನ್ಯಾಸಗಳೇ. ದಾನವಿತ್ತವರಲ್ಲಿ ಎಷ್ಟೋ ಮಂದಿ ಈಗಿಲ್ಲ. ಅವರ ಮಕ್ಕಳಿಗೆ ಕೊಟ್ಟದ್ದೆಷ್ಟೆಂಬ ಅರಿವಿಲ್ಲ. ಕೇಳುವವರಿಲ್ಲದ ಆ ಸ್ಥಿತಿಯಲ್ಲಿಯೇ ಸತ್ಯಾಣುವ್ರತದ ಪರೀಕ್ಷೆಯಾಗುವುದು. ಅವಧಿ ಮುಗಿದ ಧರ್ಮದರ್ಶಿಯು ಕೇಳಿದ ಕಡತವನ್ನು ಮಾತ್ರ ಕೊಟ್ಟು ಸುಮ್ಮನಾಗಬಹುದು. ಅಥವಾ ಕೇಳದೆ ಉಳಿದ ಕಡತವನ್ನೂ ತೆಗೆದು ಮುಂದಿಡಬಹುದು. ಮುಂದಿನವರ ಕೈಕೆಳಗೆ ಬೇರೊಂದು ಕೆಲಸಕ್ಕೆ ಕುಳಿತುಕೊಳ್ಳಲು ಮನಸ್ಸು ಒಪ್ಪುವುದೇ ಎಂದು ಅವನು ತನ್ನನ್ನೇ ಕೇಳಿಕೊಂಡರೆ, ಇಷ್ಟು ದಿನ ಆ ಕೀಲಿಕೈಯನ್ನು ಯಾವ ಭಾವದಿಂದ ಹಿಡಿದಿದ್ದೆನೆಂಬುದು ಅವನಿಗೇ ತಿಳಿದುಬರುತ್ತದೆ.