ಗೊತ್ತಿರಲಿಲ್ಲ ಎಂದರೆ ಸಾಕೇ?

ಹಲ್ಲುನೋವು ಬರುವುದೇ ರಾತ್ರಿ. ಲವಂಗ ಕಚ್ಚಿಕೊಂಡು ಹೇಗೋ ಬೆಳಗು ಮಾಡಿ, ನಮ್ಮ ತಿಳವಳ್ಳಿಯಿಂದ ಹಾನಗಲ್ಲಿಗೋ ಹಾವೇರಿಗೋ ಬಸ್ಸು ಹತ್ತುತ್ತೇವೆ. ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಕುಳಿತ ಮೇಲೆ ಮುಗಿಯಿತು. ಪ್ರಶ್ನೆ ಕೇಳಬೇಕಾದ ಬಾಯಿಯೇ ಅವರ ಕೈಯಲ್ಲಿರುತ್ತದೆ. ತಟ್ಟೆಯಲ್ಲಿರುವ ಇಕ್ಕಳ ಹಿಂದಿನ ರೋಗಿಯ ಬಾಯಿಂದ ಬಂದ ಮೇಲೆ ಏನಾಯಿತೆಂದು ನೋಡಿದವರು ಯಾರು?

2022-23ರಲ್ಲಿ ತಮಿಳುನಾಡಿನ ವಾಣಿಯಂಬಾಡಿಯ ಒಂದು ದಂತ ಚಿಕಿತ್ಸಾಲಯಕ್ಕೆ ಹೋಗಿಬಂದ 10 ಮಂದಿಗೆ ಮಿದುಳಿನ ಸೋಂಕು ತಗಲಿತು. 8 ಮಂದಿ ತೀರಿಕೊಂಡರು. ಅದು ಮಣ್ಣು, ನೀರಿನಲ್ಲಿ ಬದುಕುವ ಮೆಲಿಯಾಯ್ಡೋಸಿಸ್ ರೋಗಾಣು. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲೂ ಕಾಣಿಸಿಕೊಳ್ಳುತ್ತದೆ. ತನಿಖೆ ಮಾಡಿದವರು ಬಂದು ಮುಟ್ಟಿದ್ದು ಒಂದು ಸಲೈನ್ ಬಾಟಲಿಗೆ. ಅದನ್ನು ಹಲ್ಲಿನ ಉಪಕರಣದಿಂದಲೇ ತೆರೆದು, ಹತ್ತಿಯಿಂದ ಸಡಿಲವಾಗಿ ಮುಚ್ಚಿ, ಮತ್ತೆ ಬಳಸಲಾಗುತ್ತಿತ್ತು.

ಅಲ್ಲಿ ಯಾರಿಗೂ ಕೊಲ್ಲುವ ಮನಸ್ಸಿರಲಿಲ್ಲ ಎಂದು ನಾನು ನಂಬುತ್ತೇನೆ. ಹಾಗಾದರೆ ತಪ್ಪು ಎಲ್ಲಿದೆ? ಬ್ರೇಕು ಕೆಟ್ಟದ್ದು ಗೊತ್ತಿರಲಿಲ್ಲ ಎಂದ ಚಾಲಕನನ್ನು ನಾವು ಸುಮ್ಮನೆ ಬಿಡುವುದಿಲ್ಲ. ಹೊರಡುವ ಮುಂಚೆ ನೋಡುವುದೇ ಅವನ ಕೆಲಸ. ಕುದಿಯುವ ನೀರು 100 ಡಿಗ್ರಿ ದಾಟುವುದಿಲ್ಲ, ಕೆಲವು ರೋಗಾಣುಗಳ ಬೀಜಕಣ ಅದರಲ್ಲಿ ಸಾಯುವುದಿಲ್ಲ; ಆಟೋಕ್ಲೇವಿನೊಳಗೆ ಒತ್ತಡದ ಹಬೆ 121 ಡಿಗ್ರಿಯಲ್ಲಿ 15 ನಿಮಿಷವಾದರೂ ತಾಗಬೇಕು. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲಿ 7 ದಿನ ಉಳಿಯಬಲ್ಲದು. ಇದನ್ನೆಲ್ಲ ತಿಳಿದಿರುವುದು ವೈದ್ಯರ ಹೆಚ್ಚುಗಾರಿಕೆಯಲ್ಲ. ನಾವು ಬಾಯಿ ತೆರೆಯುವುದೇ ಆ ತಿಳಿವಳಿಕೆಯನ್ನು ನಂಬಿ. ಕಲಿತದ್ದನ್ನು ಮರೆತವರೂ, ಹೊಸದನ್ನು ಕಲಿಯದವರೂ ಆ ನಂಬಿಕೆಯ ಸಾಲಗಾರರೇ. ಗ್ಲೌಸು ಹಾಕಿದ ಕೈಯಲ್ಲೇ ಮೊಬೈಲು ಎತ್ತಿ, ಅದೇ ಕೈಯನ್ನು ಬಾಯಿಗೆ ಹಾಕಿದರೆ ಆ ಗ್ಲೌಸು ಯಾರಿಗಾಗಿ?

ನಮ್ಮದೂ ಒಂದಿಷ್ಟು ಇದೆ, ಅದನ್ನು ಮುಚ್ಚಿಡಬಾರದು. ಐವತ್ತು ರೂಪಾಯಿ ಕಡಿಮೆ ಎಂದು ದಾರಿಬದಿಯಲ್ಲಿ ಹಲ್ಲು ಕೀಳಿಸಿಕೊಳ್ಳುವವರು ನಾವೇ. ಉಪಕರಣ ಹಬೆಯಿಂದ ಹೊರಬರಲಿ ಎಂದು ಅರ್ಧ ಗಂಟೆ ಕೂರಿಸಿದರೆ ಗೊಣಗುವವರೂ ನಾವೇ. ಕರೆಂಟು ಕೈಕೊಡುವ ಊರಲ್ಲಿ ನಿಯಮ ಪಾಲಿಸುವ ವೈದ್ಯರ ಕಷ್ಟ ನಮಗೆ ಕಾಣುವುದಿಲ್ಲ.

ಕಳೆದ ವರ್ಷ ನಮ್ಮ ಅತ್ತಿಗೆ ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿಬಿಟ್ಟರು: “ಡಾಕ್ಟರೇ, ಇವನ್ನ ಕುದಿಸೀರೇನ್ರೀ?” ನನಗೆ ನಾಚಿಕೆಯಾಯಿತು. ಆ ತರುಣ ವೈದ್ಯರು ಮಾತ್ರ ನಕ್ಕರು. “ಕುದಿಸಿದ್ರ ಸಾಲಂಗಿಲ್ರೀ ಅಕ್ಕಾರ,” ಎಂದು ಅಂಟಿಸಿದ ಒಂದು ಲಕೋಟೆ ತಂದು, ಹಬೆಗೆ ಬಣ್ಣ ಬದಲಾದ ಅದರ ಗೆರೆ ತೋರಿಸಿ, ಅತ್ತಿಗೆಯ ಕಣ್ಣೆದುರೇ ಹರಿದರು.