ದೂರ ಹೊರಟವರು ಮಾರಬೇಕಾದದ್ದು, ಉಳಿಸಿಕೊಳ್ಳಬೇಕಾದದ್ದು



ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ನಮ್ಮ ಮನೆಗಳಲ್ಲಿ ಯಾರಾದರೂ ಗಲ್ಫ್‌ಗೆ ಹೊರಟರೆ ಎರಡೇ ಚಿಂತೆ: ಏನು ಮಾರಬೇಕು? ಮೆಡಿಕಲ್ ಪಾಸಾಗುತ್ತದೆಯೇ?

ಆಸ್ತಿ ಮಾರಿ ದಾನ ಮಾಡಿ ಎಂದು ಪ್ರಭು ಯೇಸು ಹೇಳುತ್ತಾರೆ (ಲೂಕ 12:33). ಮಾರಿದ್ದು ಬಡವರಿಗೆ ಅನ್ನವಾಗಬೇಕು ಎಂಬುದೇ ಅದರ ಅರ್ಥ. ಬೈಕ್, ಟಿವಿ ಮಾರೋಣ. ಆದರೆ ಮನೆಯವರ ಹೊಟ್ಟೆ ತುಂಬಿಸುವ ಎಮ್ಮೆಯನ್ನು ಮಾರಿ ಏಜೆಂಟನ ಕೈಗಿಡುವುದು ತ್ಯಾಗವಲ್ಲ. ನಮ್ಮ ಯುವಕರ ಗುಂಪಿನ ಒಬ್ಬ ತಮ್ಮನಿಗೆ ಈ ಮಾತು ಹೇಳಲು ನಾವು ಹಿಂಜರಿದೆವು. ಇಂದು ಅವನ ತಾಯಿ ಹಾಲನ್ನು ಕೊಂಡು ತರುತ್ತಾರೆ. ಆ ಮೌನ ನಮ್ಮ ತಪ್ಪು.

ಇನ್ನು ದೇಹದ ಮಾತು. ಸಾವು ಬೇಡಿ ಮಲಗಿದ್ದ ಪ್ರವಾದಿ ಎಲೀಯನಿಗೆ ದೇವದೂತನು ಬುದ್ಧಿ ಹೇಳಲಿಲ್ಲ. ದಾರಿ ದೂರವಿದೆಯೆಂದು ಎಬ್ಬಿಸಿ, ಎರಡು ಸಲ ರೊಟ್ಟಿ ನೀರು ಕೊಟ್ಟನು. ಅದರ ಬಲದಿಂದ ಎಲೀಯ 40 ದಿನ ಹಗಲಿರುಳು ನಡೆದು ಹೋರೇಬ್ ಬೆಟ್ಟ ಸೇರಿದನು (1 ಅರಸುಗಳು 19). ನಾವೂ ಇಂದೇ ಗುಟ್ಕಾ ಬಿಡೋಣ, ಬೆಳಗ್ಗೆ ನಡೆಯೋಣ, ಜೋಳದ ರೊಟ್ಟಿ, ತೊಗರಿಬೇಳೆ ಹೊಟ್ಟೆ ತುಂಬ ಉಣ್ಣೋಣ. ಮೆಡಿಕಲ್‌ನಲ್ಲಿ ಫೇಲಾದವರನ್ನು ದೇವರು ಕೈಬಿಡುವುದಿಲ್ಲ ಎಂಬುದನ್ನೂ ಮರೆಯದಿರೋಣ.

ಕೆನರಾದಲ್ಲಿ ಸೇವೆ ಮಾಡಿದ ಸಂತ ಜೋಸೆಫ್ ವಾಜ್ 1687ರಲ್ಲಿ ಕೂಲಿಯವನ ವೇಷದಲ್ಲಿ ಸಿಲೋನ್ ಸೇರಿದರು. ಕೊರಳಲ್ಲಿ ಜಪಮಾಲೆ ಧರಿಸಿ ಮನೆಮನೆಗೆ ಹೋದರು. ಎಲ್ಲವನ್ನೂ ಬಿಟ್ಟರೂ ಪ್ರಾರ್ಥನೆಯನ್ನು ಬಿಡಲಿಲ್ಲ.

ಹೊರಡುವ ಮುನ್ನ ಮನೆಯವರೆಲ್ಲ ಕೂತು ಪಟ್ಟಿ ಮಾಡೋಣ. ಅಮ್ಮನ ಮಾತನ್ನು ಮೊದಲು ಕೇಳೋಣ. ನಮ್ಮ ದಾರಿಯಲ್ಲಿ ಪ್ರಭು ಜೊತೆಗಿರಲಿ. ಆಮೆನ್.