ತಾತನ ಕತ್ತರಿ

ಶಿವಮೊಗ್ಗೆಯಲ್ಲೋ ಭದ್ರಾವತಿಯಲ್ಲೋ, ಮುಚ್ಚಿಹೋಗಿದ್ದ ತಾತನ ಹೊಲಿಗೆಯಂಗಡಿಯನ್ನು ಮೊಮ್ಮಗ ಮತ್ತೆ ತೆರೆದನೆನ್ನಿ. ಹಳೆಯ ಹೆಸರಿನ ಹಲಗೆಯನ್ನೇ ತೂಗುಹಾಕುವ ಹಕ್ಕು ಅವನಿಗುಂಟೆ? ಕಾನೂನಿನ ಮಾತು ಬೇರೆ. ನಾನು ಕೇಳುತ್ತಿರುವುದು ನ್ಯಾಯದ ಮಾತು.

ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಉರಿಯತೊಡಗಿತು. 1936ರಲ್ಲಿ ಕಾಗದದ ಕಂಪನಿ ಸ್ಥಾಪನೆಯಾಯಿತು. ತಿಂಗಳ ಸಂಬಳದ ಸಂಸಾರಗಳಿಗೆ ಹೊಸ ಬಟ್ಟೆಯೆಂದರೆ ಹಬ್ಬಕ್ಕೊಮ್ಮೆ. “ಬೆಳೆಯುವ ಹುಡುಗ, ಸ್ವಲ್ಪ ನೋಡಿ ಹೊಲಿಯಪ್ಪಾ” ಎನ್ನುವಳು ತಾಯಿ. ಒಳ್ಳೆಯ ದರ್ಜಿ ಅಂಚಿನೊಳಗೆ ಎರಡು ಬೆರಳಗಲ ಬಟ್ಟೆಯನ್ನು ಮಡಿಚಿ ಬಿಡುವನು. ಮರುವರ್ಷ ಬಿಚ್ಚಿ ಉದ್ದ ಮಾಡಬಹುದು. ಹೊರಗೆ ಕಾಣದ ಆ ಎರಡು ಬೆರಳನ್ನು ತಾನೇ ಉಳಿಸಿಕೊಂಡರೆ ಕೇಳುವವರಾರು? ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡನೆಂಬ ಗಾದೆ ದರ್ಜಿಗೂ ತಗಲುವುದೋ ಇಲ್ಲವೋ ತೀರ್ಮಾನವಾಗುವುದು ಅಲ್ಲಿಯೇ.

ಮೊಮ್ಮಗ ದರ್ಜಿಯೇ ಆಗಬೇಕೆಂಬ ಹಠ ನನಗಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯೂ ಒಬ್ಬ. ಅವನ ಹೆಸರಿಗೆ ಅಂಟಿರುವುದು ಕಾಯಕ, ಕುಲವಲ್ಲ. ಆದರೆ ಸಿದ್ಧ ಉಡುಪಿನೊಡನೆ ಅಗ್ಗದ ಪೈಪೋಟಿಗಿಳಿದು ಆ ಮಡಿಕೆಯನ್ನೇ ಕತ್ತರಿಸಿದನಾದರೆ, ಹಲಗೆಯ ಮೇಲೆ ಅವನು ತನ್ನದೇ ಹೆಸರು ಬರೆಸಿಕೊಳ್ಳಲಿ. ಅದರಲ್ಲಿ ತಪ್ಪೇನೂ ಇಲ್ಲ.